ಹೈಸ್ಕೂಲಿನ ಓದು: ಉತ್ಸಾಹ ಸೋರಿ ಹೋಗುವುದೆಲ್ಲಿ?



ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕುವಾಗ ಮಕ್ಕಳಲ್ಲಿ ಕಾಣುವ ಹುರುಪು ಆಗಸ್ಟ್ ತಿಂಗಳಿಗೆ ಉಳಿದಿರುವುದಿಲ್ಲ. ಗೋವಿನಜೋಳ ಮುರಿಯುವ ಹೊತ್ತಿಗೆ ಕೆಲವರು ಶಾಲೆಗೆ ಹೋಗುವುದನ್ನೇ ಕಡಿಮೆ ಮಾಡಿರುತ್ತಾರೆ. ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೀ ಗೈರುಹಾಜರಿಯ ಗುರುತು. ಗೊಟಗೋಡಿಯಲ್ಲಾಗಲಿ, ಶಿಗ್ಗಾವಿ, ಸವಣೂರು, ಹಾನಗಲ್ಲಿನ ಹಳ್ಳಿಗಳಲ್ಲಾಗಲಿ ಈ ಕಥೆ ಹೊಸದೇನಲ್ಲ. ಹಿರಿಯರನ್ನು ಕೇಳಿದರೆ, "ಹುಡುಗನಿಗೆ ಓದಿನ ಮೇಲೆ ಮನಸ್ಸೇ ಇಲ್ಲ ಹಜ್ರತ್" ಎಂಬ ಒಂದೇ ಉತ್ತರ ಸಿಗುತ್ತದೆ. ಆದರೆ ಮನಸ್ಸು ಜೂನ್‌ನಲ್ಲಿ ಇತ್ತಲ್ಲವೇ? ಅದು ಹೋದದ್ದೆಲ್ಲಿಗೆ ಎಂದು ಹುಡುಕುವವರು ಕಡಿಮೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕಾಗಿದೆ. ಓದಲು ಉತ್ಸಾಹ ಬೇಕು, ಉತ್ಸಾಹವಿಲ್ಲದ ದಿನ ಓದಿ ಪ್ರಯೋಜನವಿಲ್ಲ ಎಂದು ಬಹಳಷ್ಟು ಮಕ್ಕಳು ಭಾವಿಸಿದ್ದಾರೆ. ಉತ್ಸಾಹವೆಂಬುದು ಹಸಿವಿನಂತೆ ಬಂದು ಹೋಗುವ ವಸ್ತು. ನಮಾಝಿನಲ್ಲಿಯೂ ಹಾಗೆಯೇ ಅಲ್ಲವೇ? ರಮಝಾನಿನ ಮೊದಲ ರಾತ್ರಿ ತರಾವೀಹ್‌ಗೆ ಮಸೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಹತ್ತನೇ ರಾತ್ರಿಗೆ ಹಿಂದಿನ ಸಾಲುಗಳು ಖಾಲಿ. ಮನುಷ್ಯನ ಈ ಸ್ವಭಾವವನ್ನು ಪ್ರವಾದಿ(ಸ)ರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ, ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಅವರು ಕಲಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಈ ಹದೀಸನ್ನು ನಾವು ಆರಾಧನೆಗಳಿಗೆ ಮಾತ್ರ ಅನ್ವಯಿಸುತ್ತೇವೆ. ದಿನಕ್ಕೆ ನಾಲ್ಕು ಲೆಕ್ಕ ಬಿಡಿಸುವ ಬಾಲಕಿಗೂ ಅದರಲ್ಲಿ ಪಾಠವಿದೆ.

ಹಗ್ಗದ ಘಟನೆಯೊಂದನ್ನು ಅನಸ್(ರ) ವರದಿ ಮಾಡಿದ್ದಾರೆ. ಪ್ರವಾದಿ(ಸ)ರು ಮಸೀದಿಗೆ ಬಂದಾಗ ಎರಡು ಕಂಬಗಳ ನಡುವೆ ಹಗ್ಗವೊಂದನ್ನು ಕಟ್ಟಲಾಗಿತ್ತು. ಇದೇನೆಂದು ವಿಚಾರಿಸಿದರು. ಅದು ಝೈನಬ್(ರ)ರ ಹಗ್ಗ; ನಮಾಝಿನಲ್ಲಿ ನಿಂತು ದಣಿದಾಗ ಅದನ್ನು ಹಿಡಿದು ನಿಲ್ಲುತ್ತಾರೆ ಎಂದು ಜನರು ತಿಳಿಸಿದರು. ಪ್ರವಾದಿ(ಸ)ರು ಅದನ್ನು ಬಿಚ್ಚಿಸಿದರು. ಚೈತನ್ಯವಿರುವಷ್ಟು ಹೊತ್ತು ನಮಾಝ್ ಮಾಡಿ, ದಣಿದಾಗ ವಿಶ್ರಮಿಸಬೇಕೆಂದು ಹೇಳಿದರು. ಐಚ್ಛಿಕ ನಮಾಝಿನಲ್ಲಿಯೇ ಹಗ್ಗ ಕಟ್ಟಿಕೊಂಡು ನಿಲ್ಲಬಾರದು ಎಂದ ಮೇಲೆ, ರಾತ್ರಿ ಎರಡು ಗಂಟೆಯವರೆಗೆ ಕಣ್ಣಿಗೆ ನೀರು ಹಚ್ಚಿಕೊಂಡು ಓದಿ, ಬೆಳಿಗ್ಗೆ ಫಜ್ರ್ ತಪ್ಪಿಸಿಕೊಂಡು, ತರಗತಿಯಲ್ಲಿ ತೂಕಡಿಸುವ ಓದಿಗೆ ಯಾವ ಬರಕತ್? ಪರೀಕ್ಷೆಗೆ ಹದಿನೈದು ದಿನ ಇರುವಾಗ ಕಟ್ಟುವ ಹಗ್ಗಕ್ಕಿಂತ ಜೂನ್‌ನಿಂದಲೇ ಫಜ್ರ್ ಬಳಿಕ ದಿನಕ್ಕೆ ಒಂದು ತಾಸು ಕುಳಿತುಕೊಳ್ಳುವುದು ಮೇಲು. ತನ್ನ ಸಮುದಾಯದ ಮುಂಜಾವನ್ನು ಅನುಗ್ರಹಿಸೆಂದು ಪ್ರವಾದಿ(ಸ)ರು ಪ್ರಾರ್ಥಿಸಿದ್ದಾರೆ. ಮೊಬೈಲ್ ಫೋನು ಅಷ್ಟು ಹೊತ್ತಿಗೆ ಮಲಗಿರುತ್ತದೆ ಎಂಬುದೂ ಒಂದು ಲಾಭವೇ.

ಇನ್ನು ನಮ್ಮ ಭಾಗದ ಮುಖ್ಯ ತೊಡಕಿಗೆ ಬರೋಣ. ನಮ್ಮ ಅನೇಕ ಮಕ್ಕಳು ಮನೆಯಲ್ಲಿ ದಖನಿ ಆಡುತ್ತಾ, ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟನೆಯದಕ್ಕೆ ಕನ್ನಡ ಹೈಸ್ಕೂಲು ಸೇರುತ್ತಾರೆ. ನಿನ್ನೆಯವರೆಗೆ ಮುಸಲ್ಲಸ್ ಆಗಿದ್ದದ್ದು ಇಂದು ತ್ರಿಭುಜ. ಮುಸಾವಾತ್ ಹೋಗಿ ಸಮೀಕರಣ ಬಂತು. ಝಿಯಾಈ ತಾಲೀಫ್ ಎಂದು ಬಾಯಿಪಾಠ ಮಾಡಿದ್ದ ಪಾಠದ ಮೇಲೆ ದ್ಯುತಿಸಂಶ್ಲೇಷಣೆ ಎಂಬ ಒತ್ತಕ್ಷರಗಳ ಸರಪಳಿ ಕುಳಿತಿದೆ. ಎಲೆ ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುತ್ತದೆ ಎಂಬ ವಿಷಯ ಹುಡುಗನಿಗೆ ಗೊತ್ತು, ಆದರೆ ಆ ಗೊತ್ತಿರುವುದನ್ನು ಹೇಳುವ ಮಾತು ಬಾಯಿಗೆ ಬಾರದು. ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗ ಸುಮ್ಮನೆ ನಿಲ್ಲುತ್ತಾನೆ, ಹಿಂದಿನ ಬೆಂಚಿನವರು ನಗುತ್ತಾರೆ. ಎರಡು ತಿಂಗಳು ಹೀಗೆ ನಿಂತವನಿಗೆ ಗ್ಯಾರೇಜಿನ ಕೆಲಸವೇ ಮರ್ಯಾದೆಯದೆಂದು ತೋರಿದರೆ ಆಶ್ಚರ್ಯವೇನು? ಇದನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ. ಅವನನ್ನು ಶಾಲೆಯಿಂದ ಓಡಿಸುವುದು ನಾಚಿಕೆ.

ಝೈದ್ ಬಿನ್ ಸಾಬಿತ್(ರ)ರನ್ನು ಇಲ್ಲಿ ಸ್ಮರಿಸಬೇಕು. ಪ್ರವಾದಿ(ಸ)ರು ಮದೀನಕ್ಕೆ ಬಂದಾಗ ಅವರು ಸುಮಾರು ಹನ್ನೊಂದು ವರ್ಷದ ಬಾಲಕ. ಮುಂದೆ ಯಹೂದಿಗಳೊಡನೆ ಪತ್ರ ವ್ಯವಹಾರ ನಡೆಸಬೇಕಾಗಿ ಬಂದಾಗ ಅವರ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ)ರು ಇದೇ ಝೈದ್‌ರಿಗೆ ಆಜ್ಞಾಪಿಸಿದರು. ಅರ್ಧ ತಿಂಗಳಲ್ಲಿ ಕಲಿತರೆಂದು ವರದಿಗಳಲ್ಲಿದೆ. ಪರಭಾಷೆ, ಪರಲಿಪಿ ಎಂಬ ತಕರಾರನ್ನು ಅವರು ಎತ್ತಲಿಲ್ಲ. ಆ ತರುಣನಿಗೇ ಮುಂದೆ ಅಬೂಬಕರ್(ರ)ರ ಆಡಳಿತ ಕಾಲದಲ್ಲಿ ಪವಿತ್ರ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಮಹತ್ಕಾರ್ಯ ವಹಿಸಲಾಯಿತು. ಹೀಗಿರುವಾಗ, ನಾವು ಹುಟ್ಟಿ ಬೆಳೆದ ನೆಲದ ಭಾಷೆಯಾದ ಕನ್ನಡ ನಮ್ಮ ಮಕ್ಕಳಿಗೆ ಪರಕೀಯವಾಗುವುದಾದರೂ ಹೇಗೆ? ನಮ್ಮ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರು ಕನ್ನಡ ಕಲಿತು ಶಾಲಾ ಮಾಸ್ತರರಾಗಿದ್ದರು. ಅವರ ವಿಚಾರಗಳ ಚರ್ಚೆ ಇಲ್ಲಿ ಬೇಡ. ಭಾಷೆ ಅವರಿಗೆ ಗೋಡೆಯಾಗಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ ಕನ್ನಡದ ಮುಂಚೂಣಿಯ ಕವಿಗಳಲ್ಲೊಬ್ಬರಾದರು. ಇನ್ನೊಂದು ಮಾತು: ತಾಲೂಕು, ಜಿಲ್ಲೆ, ಅರ್ಜಿ, ವಕೀಲ, ಹಾಜರಿ, ಕಾಗದ ಮುಂತಾದವು ಅರಬಿ, ಫಾರಸಿಗಳಿಂದ ಬಂದು ಕನ್ನಡದ ಮನೆಮಕ್ಕಳಾದ ಶಬ್ದಗಳು. ಉರ್ದು ಬಲ್ಲ ಹುಡುಗ ಕನ್ನಡಕ್ಕೆ ಬರಿಗೈಯಲ್ಲಿ ಬರುವುದಿಲ್ಲ.

ಉಪಾಯ ಬಹಳ ಸರಳವಾಗಿದೆ. ಎಂಟನೇ ತರಗತಿಗೆ ಬರುವ ಮಗು ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ, ಬಲಕ್ಕೆ ಉರ್ದು ಶಬ್ದ, ಎಡಕ್ಕೆ ಕನ್ನಡ ಶಬ್ದ ಬರೆಯಲಿ. ಎರಡು ಲಿಪಿಗಳೂ ಅಂಚಿನಿಂದ ಹೊರಟು ನಡುಗೆರೆಯ ಹತ್ತಿರ ಸೇರುತ್ತವೆ. ದಿನಕ್ಕೆ ಐದು ಶಬ್ದ ಸಾಕು. ನೂರು ದಿನಗಳಲ್ಲಿ ಐನೂರಾಗುತ್ತದೆ. ದೊಡ್ಡ ಶಬ್ದವನ್ನು ಒಡೆದು ನೋಡಲಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಸೇರಿಸಿ ಕಟ್ಟುವುದು. ಝಿಯಾ ಎಂದರೂ ಬೆಳಕು, ತಾಲೀಫ್ ಎಂದರೂ ಕೂಡಿಸುವುದು. ಎರಡು ಭಾಷೆಯ ಪಂಡಿತರು ಒಂದೇ ದಾರಿಯಲ್ಲಿ ನಡೆದಿದ್ದಾರೆ! ಇದನ್ನು ತೋರಿಸಿಕೊಟ್ಟ ದಿನ ಎಷ್ಟೋ ಮಕ್ಕಳ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಅರ್ಥವಾಗತೊಡಗಿದ ಮೇಲೆ ಮನಸ್ಸನ್ನು ಹಿಡಿದು ಕೂರಿಸುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಕೆಲವು ಧಾರ್ಮಿಕ ಮನೆಗಳಲ್ಲಿ ಮತ್ತೊಂದು ರೀತಿಯ ಸೋರಿಕೆ ಇದೆ. ಶಾಲೆಯ ಓದು ದುನಿಯಾದ್ದು, ಮದ್ರಸದ ಓದು ದೀನಿನದು ಎಂದು ಮಗುವಿನ ಕಿವಿಗೆ ಬೀಳುತ್ತಲೇ ಇರುತ್ತದೆ. ಬೆಳಿಗ್ಗೆ ಮಕ್ತಬ್‌ನಲ್ಲಿ ಕುಳಿತವನಿಗೆ ಹಗಲು ಶಾಲೆಯಲ್ಲಿ ತಾನು ಮಾಡುತ್ತಿರುವುದು ಎರಡನೇ ದರ್ಜೆಯ ಕೆಲಸವೆನಿಸುತ್ತದೆ. ಇಮಾಮ್ ಗಝಾಲಿ(ರಹ್ಮತುಲ್ಲಾಹಿ ಅಲೈಹಿ)ಯವರು 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ವೈದ್ಯಶಾಸ್ತ್ರ ಮತ್ತು ಗಣಿತವನ್ನು ಫರ್ಝ್ ಕಿಫಾಯದಲ್ಲಿ ಸೇರಿಸಿದ್ದಾರೆ. ಅಂದರೆ, ಊರಿನಲ್ಲಿ ಅದನ್ನು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಇಡೀ ಊರೇ ಹೊಣೆಗಾರ. ತಮ್ಮ ಕಾಲದಲ್ಲಿ ಎಲ್ಲರೂ ಫಿಕ್ಹ್‌ಗೆ ಮುಗಿಬಿದ್ದು, ಎಷ್ಟೋ ಪಟ್ಟಣಗಳಲ್ಲಿ ಮುಸ್ಲಿಮ್ ವೈದ್ಯರೇ ಇಲ್ಲದಂತಾಗಿದೆ ಎಂದು ಅವರು ಒಂಬತ್ತು ಶತಮಾನಗಳ ಹಿಂದೆಯೇ ಮರುಗಿದ್ದರು. ಮದ್ರಸದಲ್ಲಿ ಕಲಿತು, ಅಲ್ಲಿಯೇ ಕಲಿಸುತ್ತಿರುವ ನಾನು ಇದನ್ನು ಹೇಳುತ್ತಿರುವುದರಿಂದ ಯಾರೂ ತಪ್ಪು ತಿಳಿಯಲಾರರೆಂದು ನಂಬಿದ್ದೇನೆ. ಬೀಜಗಣಿತಕ್ಕೆ ಇಂಗ್ಲಿಷಿನಲ್ಲಿರುವ ಆಲ್ಜೀಬ್ರಾ ಎಂಬ ಹೆಸರು ಬಗ್ದಾದಿನ ಅಲ್ ಖ್ವಾರಿಝ್ಮಿಯವರ ಗ್ರಂಥದ 'ಅಲ್ ಜಬ್ರ್' ಎಂಬ ಶಬ್ದದಿಂದ ಬಂದುದು. ಅದೇ ಖ್ವಾರಿಝ್ಮಿ ನಮ್ಮ ಭಾರತದ ಅಂಕಿಗಳ ಬಗ್ಗೆಯೂ ಒಂದು ಪುಸ್ತಕ ಬರೆದರು. ವಿದ್ಯೆಗೆ ಗಡಿ ಹಾಕಿದವರು ಅವರಲ್ಲ.

ಕಲಿಸುವವರು ಯಾರೆಂಬುದೂ ಅಡ್ಡಿಯಾಗಬಾರದು. 624ರ ಬದ್ರ್ ಯುದ್ಧದಲ್ಲಿ ಸೆರೆ ಸಿಕ್ಕವರಲ್ಲಿ ಬಿಡುಗಡೆಯ ಹಣ ಕೊಡಲಾಗದವರು, ಅನ್ಸಾರ್‌ಗಳ ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಹೊಂದಲು ಪ್ರವಾದಿ(ಸ)ರು ಅನುಮತಿಸಿದರು. ಖಡ್ಗ ಹಿಡಿದು ಬಂದವರಿಂದಲೇ ಅಕ್ಷರ ಕಲಿತರು ಆ ಮಕ್ಕಳು! ನವಾಬರ ಊರಾದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜು ದಾಟಿ, ಆಕ್ಸ್‌ಫರ್ಡ್‌ವರೆಗೆ ಹೋದರು. ಮುಂದೆ ಜ್ಞಾನಪೀಠ ಪ್ರಶಸ್ತಿ ಪಡೆದರು. ಅದೇ ಸವಣೂರಿನ ನಮ್ಮ ಓಣಿಗಳಿಂದ ಎಷ್ಟು ಮಂದಿ ಧಾರವಾಡದವರೆಗಾದರೂ ಹೋದರು ಎಂದು ಒಮ್ಮೆ ಎಣಿಸಿ ನೋಡಬೇಕು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನಮ್ಮ ಗೊಟಗೋಡಿಯಲ್ಲಿಯೇ ಇದೆ. ದೂರದ ಊರಿನ ಮಕ್ಕಳು ಬಸ್ಸು ಹತ್ತಿ ಅಲ್ಲಿಗೆ ಓದಲು ಬರುತ್ತಾರೆ. ಅದರ ಎದುರಿನ ಹೆದ್ದಾರಿಯಲ್ಲಿ ನಮ್ಮ ಮಕ್ಕಳು ದುಡಿಮೆಗಾಗಿ ಹುಬ್ಬಳ್ಳಿಯ ಕಡೆ ಹೋಗುತ್ತಾರೆ.

ಪರೀಕ್ಷೆಯ ಬಗ್ಗೆ ಎರಡು ಮಾತು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಹೆಚ್ಚಿನ ಕೃಪಾಂಕ ಕೊಟ್ಟ ಮೇಲೆ. ಹಿಂದಿನ ವರ್ಷಗಳಲ್ಲಿ ಚೀಟಿಯ ಪಾಲು ಎಷ್ಟಿತ್ತೆಂಬ ಪ್ರಶ್ನೆಯನ್ನು ಈ ಅಂತರ ಎತ್ತುತ್ತದೆ. ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದು ಧಾನ್ಯದ ರಾಶಿಯ ಒಳಗೆ ಒದ್ದೆ ಕಾಳು ಬಚ್ಚಿಟ್ಟ ವ್ಯಾಪಾರಿಯ ಸಂದರ್ಭದಲ್ಲಿ. ಚೀಟಿ ನೋಡಿ ಬರೆದ ಉತ್ತರಪತ್ರಿಕೆಯೂ ಅಂತಹ ರಾಶಿಯೇ ಆಗಿದೆ. ಚೀಟಿಯ ಭರವಸೆ ಇರುವವನಿಗೆ ವರ್ಷವಿಡೀ ಓದುವ ಮನಸ್ಸು ಬರುವುದೂ ಇಲ್ಲ.

2024 ಮತ್ತು 2025ರಲ್ಲಿ ಈ ಪರೀಕ್ಷೆ ರಮಝಾನಿನಲ್ಲಿಯೇ ಆರಂಭವಾಗಿತ್ತು. ಉಪವಾಸವಿದ್ದು ಬರೆದ ಮಕ್ಕಳು ಸಹರಿಯ ಬಳಿಕ ನಿದ್ದೆ ಮಾಡದೆ ಫಜ್ರ್ ಮುಗಿಸಿ ಪುಸ್ತಕ ಹಿಡಿದರು. ಅವರ ತಾಯಂದಿರು ಮೂರೂವರೆಗೇ ಎದ್ದು ರೊಟ್ಟಿ ತಟ್ಟಿದರು. ಆ ತಾಯಂದಿರ ಪಾಲು ಅಂಕಪಟ್ಟಿಯಲ್ಲಿ ಬರುವುದಿಲ್ಲ, ಅಲ್ಲಾಹನ ಬಳಿ ಬರೆದಿರುತ್ತದೆ.

ನಪಾಸಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಆದರೂ ಮೊದಲ ಫಲಿತಾಂಶದ ದಿನವೇ ಮಗನನ್ನು ಕೆಲಸಕ್ಕೆ ಹಚ್ಚುವ, ಮಗಳಿಗೆ ವರ ನೋಡತೊಡಗುವ ಮನೆಗಳಿವೆ. ಪ್ರಯೋಜನಕರವಾದುದಕ್ಕೆ ಹಂಬಲಿಸಿ, ಅಲ್ಲಾಹನ ನೆರವು ಬೇಡಿ, ಕೈಚೆಲ್ಲದಿರಿ, ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು ಎಂದು ಕೊರಗದಿರಿ ಎಂಬರ್ಥದ ಹದೀಸನ್ನು ಅಬೂಹುರೈರ(ರ) ವರದಿ ಮಾಡಿದ್ದಾರೆ. ಎರಡನೇ ಪರೀಕ್ಷೆಯ ಅರ್ಜಿ ತುಂಬುವುದೇ ಆ ಹದೀಸಿನ ಪಾಲನೆ. ಹುಡುಗಿಯರ ವಿಷಯದಲ್ಲಿ ಮತ್ತಷ್ಟು ಹೇಳಬೇಕಾಗಿದೆ. ಹಿರಿಯ ಸಹಾಬಿಗಳೇ ಆಯಿಶಾ(ರ)ರ ಬಳಿ ಹೋಗಿ ಮಸ್‌ಅಲಗಳನ್ನು ಕೇಳುತ್ತಿದ್ದ ಸಮುದಾಯ ನಮ್ಮದು. ಹತ್ತನೇ ತರಗತಿಯ ನಂತರ ಓದು ನಿಲ್ಲುತ್ತದೆಂದು ಮೊದಲೇ ಗೊತ್ತಿರುವ ಮಗಳು ಒಂಬತ್ತನೆಯದರಲ್ಲಿ ಯಾವ ಆಸೆಯಿಂದ ಓದಬೇಕು? ಅವಳನ್ನು ಮುಂದೆ ಓದಿಸುವ ನಿರ್ಧಾರವನ್ನು ತಂದೆ ಇಂದೇ ಬಾಯಿಬಿಟ್ಟು ಹೇಳಲಿ. ನಾಳೆಯಿಂದ ಅವಳು ಓದುವ ರೀತಿಯೇ ಬದಲಾಗುವುದನ್ನು ಅವರೇ ನೋಡುವರು.

ಕೊನೆಯದಾಗಿ ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಸಣ್ಣ ಮನೆಗಳಲ್ಲಿ ಟಿ.ವಿ.ಯ ಸದ್ದು, ಚಿಕ್ಕ ಮಕ್ಕಳ ಅಳು, ಬಂದು ಹೋಗುವವರ ಗದ್ದಲದ ನಡುವೆ ಹತ್ತನೇ ತರಗತಿಯವರಿಗೆ ಕುಳಿತುಕೊಳ್ಳಲು ಮೂಲೆಯಿಲ್ಲ. ಮಗ್ರಿಬ್ ಮತ್ತು ಇಶಾ ನಡುವೆ ನಮ್ಮ ಮಸೀದಿಗಳಲ್ಲಿ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಜನರಿರುವುದಿಲ್ಲ. ಮಸೀದಿಯ ಪಕ್ಕದ ಮಕ್ತಬ್ ಕೋಣೆಯನ್ನು ಆ ಒಂದು ತಾಸು ತೆರೆಯಿರಿ. ಮದೀನದ ಮಸೀದಿಯ ಸುಫ್ಫದಲ್ಲಿ ಬಡ ಸಹಾಬಿಗಳು ಇದ್ದು ಕಲಿಯುತ್ತಿದ್ದರು. ಬೇಕಾಗಿರುವುದು ಒಂದು ಕನ್ನಡ ನಿಘಂಟು, ಒಂದು ಕಪ್ಪು ಹಲಗೆ, ವಾರಕ್ಕೆ ಮೂರು ದಿನ ಲೆಕ್ಕ ಹೇಳಿಕೊಡಲು ಊರಿನ ಒಬ್ಬ ಡಿಗ್ರಿ ವಿದ್ಯಾರ್ಥಿ. ಹುಡುಗಿಯರಿಗೆ ಅಸ್ರ್ ಬಳಿಕ ಬೇರೆ ಸಮಯವಿಟ್ಟು, ಕಲಿತ ಸಹೋದರಿಯೊಬ್ಬರಿಗೆ ಆ ಹೊಣೆ ವಹಿಸಬಹುದು. ಮುಂದಿನ ಶುಕ್ರವಾರ ಜುಮುಅ ಬಳಿಕ ಐದು ನಿಮಿಷ ಕುಳಿತು, ಬೀಗದ ಕೈ ಯಾರ ಬಳಿ ಇರಬೇಕೆಂದು ತೀರ್ಮಾನಿಸಿದರೆ ಶನಿವಾರದಿಂದಲೇ ಆರಂಭಿಸಬಹುದು.