ಹೊಟ್ಟೆ ಎಳೆಯಬೇಡಿ, ಉಸಿರು ಬಿಡಿ

ಅಥಣಿಯಲ್ಲಿ ಯೋಗಕ್ಕೆ ಎರಡು ವಿಳಾಸ. ಒಂದು ಗಚ್ಚಿನಮಠ. ಹತ್ತಿರದ ನದಿ ಇಂಗಳಗಾವಿಯಲ್ಲಿ 1836ರಲ್ಲಿ ಹುಟ್ಟಿ 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಹೆಸರಿನೊಂದಿಗೆ ಬೆಸೆದುಕೊಂಡ ಮಠ ಇದು. ಅವರದು ಶಿವಯೋಗ: ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರಲ್ಲಿ ನೆಟ್ಟ ನೋಟ, ಒಳಗೆ ಮಂತ್ರ. ಇನ್ನೊಂದು ವಿಳಾಸಕ್ಕೆ ಗೊತ್ತಾದ ಬಾಗಿಲಿಲ್ಲ. ಕಲ್ಯಾಣ ಮಂಟಪ, ಶಾಲೆಯ ಅಂಗಳ, ಮನೆಯ ಮಾಳಿಗೆ, ಎಲ್ಲಿ ಚಾಪೆ ಹಾಸಿದರೋ ಅಲ್ಲೇ ಕಪಾಲಭಾತಿ, ಅಗ್ನಿಸಾರ, ಉಡ್ಡಿಯಾನ.

ಮೊದಲ ವಿಳಾಸಕ್ಕೆ ನಡೆದುಕೊಂಡ ಹಿರಿಯರು ಎರಡನೆಯದನ್ನು ನೋಡಿ ಕೇಳುವ ಪ್ರಶ್ನೆ ಒಂದೇ: “ಇದು ಸಾಮು ಅಲ್ಲೇನ್ರಿ? ಇದರಾಗ ಯೋಗ ಎಲ್ಲಿ ಐತಿ?” ಕುಸ್ತಿಯ ಹುಚ್ಚಿರುವ ಗಡಿನಾಡಿನಲ್ಲಿ ಸಾಮು ತೆಗೆಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಗರಡಿಯ ದಂಡ, ಬೈಠಕ್‌ಗಳಿಗೆ ಯಾರೂ ಅಧ್ಯಾತ್ಮದ ಹೆಸರು ಕೊಡುವುದಿಲ್ಲ. ಹಾಗಿದ್ದ ಮೇಲೆ ಹೊಟ್ಟೆಯನ್ನು ಒಳಗೆಳೆದು ಹೊರಗೆ ಬಿಡುವುದಕ್ಕೆ ಮಾತ್ರ ಯಾಕೆ ಆ ಗೌರವ?

ಪ್ರಶ್ನೆ ಹಳೆಯದು. ಕನ್ನಡದಲ್ಲಿ ಅದನ್ನು ಎಲ್ಲಕ್ಕಿಂತ ಖಾರವಾಗಿ ಕೇಳಿದವನು ಅಲ್ಲಮ. ಶೂನ್ಯಸಂಪಾದನೆಯಲ್ಲೂ ಚಾಮರಸನ ಪ್ರಭುಲಿಂಗಲೀಲೆಯಲ್ಲೂ ಗೋರಕ್ಷನ ಪ್ರಸಂಗ ಬರುತ್ತದೆ. ಸಾಧನೆಯಿಂದ ದೇಹವನ್ನು ವಜ್ರ ಮಾಡಿಕೊಂಡ ಸಿದ್ಧ ಅವನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲ್ ಎನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅವನು ಅಲ್ಲಮನ ಮೇಲೆ ಬೀಸಿದಾಗ ತಾಗುವುದಕ್ಕೆ ಅಲ್ಲಿ ಏನೂ ಸಿಗುವುದಿಲ್ಲ, ಬಯಲಿನಲ್ಲಿ ಆಡಿಸಿದಂತೆ ಆಚೀಚೆ ಹೋಗುತ್ತದೆ. ಗೋರಕ್ಷ ಸೋಲುವುದು ಅಲ್ಲಿ. ಈ ಕಥೆಯನ್ನು ಹಠಯೋಗದ ಖಂಡನೆ ಎಂದು ಓದುವವರೇ ಹೆಚ್ಚು. ಆದರೆ ಅಲ್ಲಮನಿಗೆ ದೇಹದ ಮೇಲೆ ಸಿಟ್ಟಿಲ್ಲ. ಅವನ ತಕರಾರು ದೇಹವನ್ನು ಗಟ್ಟಿ ಮಾಡಿಕೊಂಡೆ ಎಂಬ ಬೀಗುವಿಕೆಯ ಮೇಲೆ. ಹೊಟ್ಟೆ ಕರಗಿದ ಫೋಟೊವನ್ನು ವಾಟ್ಸಾಪಿನಲ್ಲಿ ಹರಿಬಿಡುವ ಕಾಲದಲ್ಲಿ ಅವನಿಗೆ ಕೆಲಸ ಇನ್ನೂ ಇತ್ತು!

ಹೊಸಬರಿಗೆ ಉಡ್ಡಿಯಾನ ಕಲಿಸುವುದನ್ನು ಹತ್ತಿರದಿಂದ ನೋಡಿದರೆ ಈ ತಕರಾರು ಬೇರೆ ರೂಪದಲ್ಲಿ ಎದುರಾಗುತ್ತದೆ. ಕಾಲುಗಳ ನಡುವೆ ಒಂದಡಿ ಅಂತರ, ಮಂಡಿ ತುಸು ಬಗ್ಗಿದೆ, ಅಂಗೈಗಳು ತೊಡೆಯ ಮೇಲೆ. ಖಾಲಿ ಹೊಟ್ಟೆ. “ಉಸಿರು ಪೂರ್ತಿ ಬಿಡ್ರಿ” ಎಂದೊಡನೆ ಹೊಸಬರು ಅರ್ಧ ಬಿಟ್ಟು, ಉಳಿದರ್ಧವನ್ನು ಹಿಡಿದುಕೊಂಡೇ ಹೊಟ್ಟೆಯನ್ನು ಒಳಗೆ ಜಗ್ಗುತ್ತಾರೆ. ಮುಖ ಕೆಂಪಾಗುತ್ತದೆ, ಭುಜ ಕಿವಿಗೆ ತಾಗುತ್ತದೆ, ಹೊಟ್ಟೆ ಮಾತ್ರ ಇದ್ದಲ್ಲೇ ಇರುತ್ತದೆ. ಕಲಿಸುವವರು ಮತ್ತೆ ಹೇಳಬೇಕು: “ಹೊಟ್ಟಿ ಎಳೀಬ್ಯಾಡ್ರಿ ಅಣ್ಣಾರ, ಅದನ್ನ ಮರೀರಿ. ಉಸಿರು ಬಿಡ್ರಿ, ಗಂಟಲ ಮುಚ್ಚರಿ, ಉಸಿರು ತಗೊಳ್ಳೋರ ಹಾಂಗ ಎದಿ ಅಷ್ಟ ಅಗಲ ಮಾಡ್ರಿ.” ಎಳೆಯುವುದನ್ನು ನಿಲ್ಲಿಸಿದ ದಿನ ಹೊಟ್ಟೆ ತಾನಾಗಿ ಮೇಲೇರಿ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಬಿಡುವಾಗಲೂ ಕ್ರಮವಿದೆ. ಮೊದಲು ಎದೆ ಸಡಿಲಿಸಬೇಕು, ಆಮೇಲೆ ಉಸಿರು. ತಲೆಕೆಳಗು ಮಾಡಿದವರು ಗಕ್ಕನೆ ಗಾಳಿ ನುಂಗಿ ಕೆಮ್ಮುತ್ತಾರೆ.

ಇದರಲ್ಲಿ ಪವಾಡವಿಲ್ಲ. ಎದೆಗೂಡು ಹಿಗ್ಗಿದರೂ ಒಳಗೆ ಗಾಳಿ ಬರಲು ದಾರಿಯಿಲ್ಲ. ಅಲ್ಲಿ ಒತ್ತಡ ಇಳಿಯುತ್ತದೆ, ಸಡಿಲಾಗಿರುವ ವಪೆ ಮೇಲಕ್ಕೆ ಸರಿಯುತ್ತದೆ, ಅದರ ಹಿಂದೆ ಹೊಟ್ಟೆಯ ಗೋಡೆ ಒಳಕ್ಕೆ ಹೋಗುತ್ತದೆ. ಇದನ್ನು ಉಪಕರಣ ಇಟ್ಟು ಅಳೆದವರು ಸ್ವಾಮಿ ಕುವಲಯಾನಂದರು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಕಟ್ಟಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆ ಆರಂಭಿಸಿ, ಉಡ್ಡಿಯಾನವನ್ನೂ ಹೊಟ್ಟೆಯ ಸ್ನಾಯುಗಳನ್ನು ಹೊರಳಿಸುವ ನೌಲಿಯನ್ನೂ ಎಕ್ಸ್‌ರೇ ಎದುರು ಮಾಡಿಸಿದರು. ನೌಲಿಯ ಹೊತ್ತಿಗೆ ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ ಎಂದು ತೋರಿಸಿ, ಆ ನಿರ್ವಾತಕ್ಕೆ ತಮ್ಮ ಗುರು ಮಾಧವದಾಸರ ಹೆಸರಿಟ್ಟರು. ಕರುಳು ತೊಳೆಯುವ ಬಸ್ತಿ ಮಾಡುವವರೊಳಗೆ ನೀರು ತಾನಾಗಿ ಏರುವುದು ಯಾವ ಸಿದ್ಧಿಯಿಂದಲೂ ಅಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಹೃದಯಕ್ಕೆ ನಿಲ್ಲು ಎಂದರೆ ನಿಲ್ಲುವುದಿಲ್ಲ, ಜಠರಕ್ಕೆ ಬೇಗ ಅರಗಿಸು ಎಂದರೆ ಕೇಳುವುದಿಲ್ಲ. ಉಸಿರು ಮಾತ್ರ ಎರಡೂ ಕಡೆಯದು: ನಿದ್ದೆಯಲ್ಲಿ ತಾನೇ ನಡೆಯುತ್ತದೆ, ಎಚ್ಚರದಲ್ಲಿ ಹೇಳಿದಂತೆ ಕೇಳುತ್ತದೆ. ‘ನಾನು ಮಾಡುತ್ತೇನೆ’ ಎಂಬುದೂ ‘ತಾನಾಗಿ ಆಗುತ್ತದೆ’ ಎಂಬುದೂ ಅಲ್ಲೇ ಕೂಡುತ್ತವೆ. ಉಡ್ಡಿಯಾನದಲ್ಲಿ ಮಾಡುವ ಕೆಲಸ ಇಷ್ಟೇ, ಉಸಿರು ಬಿಡುವುದು ಮತ್ತು ಎದೆ ತೆರೆಯುವುದು. ಉಳಿದದ್ದಕ್ಕೆ ದಾರಿ ಬಿಡಬೇಕು. ಅಲ್ಲಮ ಅಂಗರಚನೆಯ ಪಾಠ ಹೇಳಲು ಹೊರಟವನಲ್ಲ, ನಿಜ. ಆದರೂ ಸಾಮಿಗೂ ಇದಕ್ಕೂ ಇರುವ ಅಂತರವನ್ನು ಹುಡುಕುವುದಾದರೆ ಇಲ್ಲೇ ಹುಡುಕಬೇಕು. ಬೈಠಕ್‌ನಲ್ಲಿ ಹೆಚ್ಚು ಬಲ ಹಾಕಿದವನಿಗೆ ಹೆಚ್ಚು ಫಲ. ಇಲ್ಲಿ ಬಲ ಹಾಕಿದವನಿಗೇ ಬಾಗಿಲು ತೆರೆಯುವುದಿಲ್ಲ.

ಕಪಾಲಭಾತಿಯ ಕಥೆ ಬೇರೆ. ಅದು ಬಲದ ಕೆಲಸದಂತೆಯೇ ಕಾಣುತ್ತದೆ. ಟಿ.ವಿ. ಶಿಬಿರಗಳ ಮೂಲಕ ಮನೆಮನೆಗೆ ಬಂದ ಮೇಲೆ ಅದಕ್ಕೆ ‘ಪ್ರಾಣಾಯಾಮ’ ಎಂಬ ಬಿರುದೂ ಸೇರಿಕೊಂಡಿತು. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಅದನ್ನು ಇಟ್ಟಿರುವುದು ಷಟ್ಕರ್ಮ ಎಂಬ ಆರು ಶುದ್ಧಿಕ್ರಿಯೆಗಳಲ್ಲಿ, ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿಗಳ ಸಾಲಿನಲ್ಲಿ. ಮೇದಸ್ಸು, ಕಫ ಹೆಚ್ಚಿದವರು ಮೊದಲು ಇವನ್ನು ಮಾಡಲಿ, ಉಳಿದವರಿಗೆ ಬೇಕಿಲ್ಲ ಎಂಬುದು ಅವನ ನಿಲುವು. ಪ್ರಾಣಾಯಾಮವೊಂದರಿಂದಲೇ ಎಲ್ಲ ಮಲವೂ ಹೋಗುತ್ತದೆ, ಬೇರೆ ಕರ್ಮಗಳು ಬೇಡ ಎನ್ನುವ ಆಚಾರ್ಯರಿದ್ದಾರೆ ಎಂದೂ ಅವನೇ ದಾಖಲಿಸುತ್ತಾನೆ. ಗ್ರಂಥದೊಳಗೇ ಭಿನ್ನಮತಕ್ಕೆ ಜಾಗವಿರುವಾಗ, ಮೂರನೆಯ ದಿನದ ವಿದ್ಯಾರ್ಥಿಗೆ ಕಪಾಲಭಾತಿ ಕಡ್ಡಾಯ ಎನ್ನುವ ಶಿಕ್ಷಕರು ಯಾವ ಶಾಸ್ತ್ರ ನೋಡಿದರೋ!

ಹೆಚ್ಚು ಗಾಳಿ ಎಂದರೆ ಹೆಚ್ಚು ಆಮ್ಲಜನಕ ಎಂಬ ನಂಬಿಕೆಯೂ ಹಾಗೆಯೇ. ಆರೋಗ್ಯವಂತರ ರಕ್ತ ಸುಮ್ಮನೆ ಕೂತಾಗಲೂ ಶೇ. 95ಕ್ಕಿಂತ ಹೆಚ್ಚು ಆಮ್ಲಜನಕ ತುಂಬಿಕೊಂಡೇ ಇರುತ್ತದೆ. ಬುಸುಬುಸು ಉಸಿರಾಟ ಅತಿಯಾದರೆ ಇಂಗಾಲದ ಡೈಆಕ್ಸೈಡ್ ತೀರ ಇಳಿದು, ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಅದನ್ನೇ ಕುಂಡಲಿನಿ ಎದ್ದಳು ಎಂದುಕೊಳ್ಳುವವರಿದ್ದಾರೆ. ಕುಂಡಲಿನಿ ಅಷ್ಟು ಅಗ್ಗಕ್ಕೆ ಏಳುವವಳಲ್ಲ. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಹೊಟ್ಟೆಹುಣ್ಣು ಇರುವವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಉಡ್ಡಿಯಾನ, ನೌಲಿ, ಕಪಾಲಭಾತಿಯಿಂದ ದೂರವಿರಬೇಕು. ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳದ ವರ್ಗಕ್ಕೆ ಹೋಗದಿರುವುದೇ ಲೇಸು.

ಅಥಣಿ ಇರುವ ಬೆಳಗಾವಿ ಜಿಲ್ಲೆಗೆ ಹಠಯೋಗದ ಪರ, ವಿರೋಧದ ಎರಡೂ ವಾದಗಳು ಕಾಲಿಟ್ಟಿವೆ. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿದ್ದರು. ನಾಲ್ಕು ವರ್ಷಗಳ ನಂತರ ಬಂದ ಅವರ ‘ರಾಜಯೋಗ’ದಲ್ಲಿ ಹಠಯೋಗಕ್ಕೆ ಮರ್ಯಾದೆ ಕಡಿಮೆ. ದೇಹ ಗಟ್ಟಿಯಾಗಿ ಆಯುಸ್ಸು ಹೆಚ್ಚಿದರೆ ಆತ್ಮಕ್ಕೇನು ಬಂತು ಎಂಬ ಧಾಟಿ. 1930ರ ದಶಕದ ನಡುವೆ ಮೈಸೂರಿನಿಂದ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕಕ್ಕೆ ಬಂದರು. 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದವರು ಅವರು. ಆ ಗುಂಪಿನಲ್ಲಿದ್ದ, ಕೋಲಾರ ಕಡೆಯ ಬೆಳ್ಳೂರಿನ ಸಣಕಲು ಹುಡುಗ ಬಿ.ಕೆ.ಎಸ್. ಅಯ್ಯಂಗಾರ್ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರ ಕಣ್ಣಿಗೆ ಬಿದ್ದ. ಅವರ ಮೂಲಕವೇ 1937ರಲ್ಲಿ ಪುಣೆಗೆ ಹೋದ. ಅಲ್ಲಿ ಡಾಕ್ಟರು ದೇಹದ ಬಗ್ಗೆ ಮಾತಾಡುವುದು, ಹುಡುಗ ಆಸನ ಹಾಕಿ ತೋರಿಸುವುದು ನಡೆಯಿತು.

ಅದೇ ಅಯ್ಯಂಗಾರ್ ಮುಂದೆ ಪ್ರಾಣಾಯಾಮದ ವಿಷಯದಲ್ಲಿ ತೋರಿದ ಸಂಕೋಚ ಗಮನಿಸಬೇಕಾದದ್ದು. ಆಸನಗಳಲ್ಲಿ ಮೈ ಪಳಗದೆ ಉಸಿರಿಗೆ ಕೈ ಹಾಕಬೇಡಿ ಎಂಬುದು ಅವರ ಪಟ್ಟು. ಪ್ರಾಣಾಯಾಮದ ಮೇಲೆ 1981ರಲ್ಲಿ ಬರೆದ ಪುಸ್ತಕದಲ್ಲಿ ಹೊಸಬರ ಪಾಠವನ್ನು ಮಲಗಿಸಿಯೇ ಆರಂಭಿಸುತ್ತಾರೆ. ಉಸಿರನ್ನು ಹಿಡಿಯುವುದೂ ಇಲ್ಲ, ತಳ್ಳುವುದೂ ಇಲ್ಲ, ಬಂದು ಹೋಗುವುದನ್ನು ನೋಡುವುದಷ್ಟೆ. ಕಠಿಣ ಆಸನಗಳಿಗೆ ಹೆಸರಾದವರ ಮೊದಲ ಪಾಠ ಅಂಗೈಯಲ್ಲಿ ಲಿಂಗ ಹಿಡಿದು ಕೂತವರ ರೀತಿಗೆ ಇಷ್ಟು ಹತ್ತಿರ ಬಂದದ್ದು ಹಿರಿಯರಿಗೆ ತಿಳಿದಿದ್ದರೆ ಅವರ ಪ್ರಶ್ನೆಯ ಧ್ವನಿ ಸ್ವಲ್ಪ ಇಳಿಯುತ್ತಿತ್ತೇನೋ. ದೃಷ್ಟಿ ನಿಂತರೆ ಉಸಿರು ತಾನಾಗಿ ನಿಧಾನವಾಗುತ್ತದೆ ಎನ್ನುವುದು ಶಿವಯೋಗಿಗಳ ಅನುಭವ. ಉಸಿರು ನಿಧಾನವಾದರೆ ಮನಸ್ಸು ನಿಲ್ಲುತ್ತದೆ ಎನ್ನುವುದು ಹಠಯೋಗಿಗಳದು. ಯಾವುದು ಮೊದಲು ಎಂಬ ಜಗಳ ಇನ್ನೂ ತೀರಿಲ್ಲ.

ಮನೆಗಳಲ್ಲಿ ಅದಕ್ಕೊಂದು ವ್ಯವಸ್ಥೆ ಸುಲಭ. ಹೊಟ್ಟೆಯ ಕ್ರಿಯೆಗಳು ಖಾಲಿ ಹೊಟ್ಟೆಗೆ ಆಗಬೇಕು, ಲಿಂಗಪೂಜೆ ಸ್ನಾನದ ಮೇಲೆ ಆಗಬೇಕು. ಹೀಗಾಗಿ ನಸುಕಿನಲ್ಲಿ ಚಾಪೆ, ಆಮೇಲೆ ಜಳಕ, ಆಮೇಲೆ ವಿಭೂತಿ. ನಾಷ್ಟಾ ಎರಡೂ ಮುಗಿದ ಮೇಲೆ.