ಹೆತ್ತವರಿಗೆ ಹೆಗ್ಗಣ ಮುದ್ದು

ಈ ಗಾದೆ ಹೆಚ್ಚಾಗಿ ಕೇಳಿಬರುವುದು ನೆರೆಹೊರೆಯವರ ಬಾಯಿಂದ. ತಂದೆತಾಯಿಯದು ಕುರುಡು ಮೋಹ ಎಂದು ಕುಟುಕುವಾಗ ಇದನ್ನು ಆಡುವುದು ರೂಢಿ. ಆದರೆ ಗಾದೆಯೊಳಗೆ ಎರಡು ನೋಟಗಳಿವೆ. ಹೆಗ್ಗಣವನ್ನು ಕಾಣುವುದು ಊರಿನ ಕಣ್ಣು, ಮುದ್ದನ್ನು ಕಾಣುವುದು ಮನೆಯ ಕಣ್ಣು. ಊರು ಏನೇ ಹೆಸರಿಡಲಿ, ಹೆತ್ತವರು ಅದೇ ಕಣ್ಣಿಂದ ನೋಡಬೇಕಾಗಿಲ್ಲ ಎಂಬ ಸಲಿಗೆಯನ್ನು ಗಾದೆಯೇ ಕೊಟ್ಟಿದೆ.

ತಾನು ಸಲಿಂಗಿ ಎಂದು ಮಗನೋ ಮಗಳೋ ಬಾಯಿಬಿಟ್ಟ ದಿನ ಈ ಸಲಿಗೆಗೆ ಪರೀಕ್ಷೆ. ‘ನಾಲ್ಕು ಜನ ಏನಂದಾರು’ ಎಂಬ ಭಯ ಮೊದಲು ನುಗ್ಗುತ್ತದೆ. ಆಮೇಲೆ ಹರಕೆ, ಜಾತಕ, ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಸಲಹೆ, ವಾಸಿ ಮಾಡುವ ವೈದ್ಯರ ಹುಡುಕಾಟ. ವಾಸಿ ಮಾಡಲು ಇದು ಕಾಯಿಲೆಯೇ ಅಲ್ಲ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹಾಗೆಂದು ಸ್ಪಷ್ಟಪಡಿಸಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿಪರ ದುರ್ನಡತೆ ಎಂದು ಸಾರಿತು. ಒತ್ತಾಯದ ಮದುವೆಯಲ್ಲಂತೂ ಏನೂ ಅರಿಯದ ಇನ್ನೊಂದು ಮನೆಯ ಮಗುವೂ ನೋಯುತ್ತದೆ.

ಮುಂಬೈಯ ಪದ್ಮಾ ಅಯ್ಯರ್ ಬೇರೆ ದಾರಿ ಹಿಡಿದರು. 2015ರ ಮೇ ತಿಂಗಳಲ್ಲಿ ಮಗ ಹರೀಶ್‌ಗೆ ವರ ಬೇಕೆಂದು ಜಾಹೀರಾತು ಬರೆದರು. ಕೆಲವು ಪತ್ರಿಕೆಗಳು ಒಲ್ಲೆವೆಂದವು, ‘ಮಿಡ್ ಡೇ’ ಅಚ್ಚು ಹಾಕಿತು. ವಯಸ್ಸು 25ರಿಂದ 40, ಒಳ್ಳೆಯ ನೌಕರಿ, ಸಸ್ಯಾಹಾರಿ, ಪ್ರಾಣಿಗಳೆಂದರೆ ಅಕ್ಕರೆ ಇರಬೇಕು: ಸಂಬಂಧ ನೋಡುವ ಯಾವ ತಾಯಿಯಾದರೂ ಹಾಕುವಂಥ ಪಟ್ಟಿ. ಜಾತಿಯ ಅಡ್ಡಿಯಿಲ್ಲ, ಅಯ್ಯರ್ ಆದರೆ ಒಳ್ಳೆಯದು ಎಂಬ ಮಾತು ಟೀಕೆಗೂ ಗುರಿಯಾಯಿತು. ಆದರೂ ಮಗನ ಬಾಳಿಗೊಬ್ಬ ಜೊತೆಗಾರ ಬೇಕೆಂಬ ತಾಯಿಯ ಹಂಬಲ ಊರೆದುರು ಅಚ್ಚಾಗಿತ್ತು.

ಮುದ್ದು ಮನೆಯೊಳಗೇ ಉಳಿದರೆ ಸಾಲದು.

ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ 19 ಮಂದಿ ಹೆತ್ತವರು ಮಕ್ಕಳ ಪರ ಅರ್ಜಿ ಹಾಕಿದರು. 2013ರಲ್ಲಿ ಸೋಲಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಏಪ್ರಿಲ್‌ನಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗದ 400ಕ್ಕೂ ಹೆಚ್ಚು ಮಂದಿ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ತಮ್ಮಲ್ಲಿ ಕೆಲವರಿಗೆ ಎಂಬತ್ತು ಹತ್ತಿರವಾಗುತ್ತಿದೆ, ತಾವು ಬದುಕಿರುವಾಗಲೇ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ಬೀಳಲಿ ಎಂಬುದು ಅವರ ಕೋರಿಕೆ. ಅಕ್ಟೋಬರ್ 17ರಂದು ಕೋರ್ಟ್ ಅದು ಶಾಸಕಾಂಗದ ಕೆಲಸ ಎಂದಿತು.

ಹೀಗಾಗಿ ‘ನಮ್ಮ ನಂತರ ಇವನಿಗೆ ಯಾರು’ ಎಂಬ ಚಿಂತೆ ಆ ಮನೆಗಳಲ್ಲಿ ಇನ್ನೂ ಇದೆ. ಉಯಿಲು ಇಲ್ಲದಿದ್ದರೆ ಸಂಗಾತಿಗೆ ಆಸ್ತಿ ಹಕ್ಕಾಗಿ ಬರುವುದಿಲ್ಲ. ಸಂಸತ್ತು ಕಾನೂನು ಮಾಡುವವರೆಗೆ ಮಗನಿಂದ ಉಯಿಲು ಬರೆಸುವುದು, ಅವನ ಸಂಗಾತಿಯನ್ನು ಹಬ್ಬಕ್ಕೆ ಕರೆಯುವುದು, ನೆಂಟರೆದುರು ‘ಇವನೂ ನಮ್ಮವನೇ’ ಎಂದು ಪರಿಚಯಿಸುವುದು ಹೆತ್ತವರ ಕೈಯಲ್ಲೇ ಇದೆ.