ಬೆಲೆಯಿಲ್ಲದ ಪದವೂ ಯಂತ್ರದ ತರ್ಕವೂ
ಇಲ್ಲದ ವಸ್ತುವನ್ನು ಸೂಚಿಸುವ ಪದಕ್ಕೆ ಅರ್ಥವುಂಟೆ ಎಂದು ಬರ್ಟ್ರಂಡ್ ರಸೆಲ್ 1905ರಲ್ಲಿ ಚರ್ಚಿಸಿದ ಪ್ರಶ್ನೆಯು, ತಂತ್ರಾಂಶದ ವರ್ತನೆಯನ್ನು ಗಣಿತದ ಮೂಲಕ ನಿರೂಪಿಸುವ ವಿಡಿಎಂ ಎಂಬ ಭಾಷೆಯನ್ನು ಇಸಬೆಲ್/ಎಚ್‌ಒಎಲ್ ಎಂಬ ಯಂತ್ರಪರಿಶೀಲಿತ ತರ್ಕಕ್ಕೆ ಇಳಿಸುವಾಗ ಮತ್ತೆ ಎದುರಾಗುತ್ತದೆ. ವಿಡಿಎಂನಲ್ಲಿ ಖಾಲಿ ಪಟ್ಟಿಯ ಮೊದಲ ಅಂಶಕ್ಕೆ ಬೆಲೆಯೇ ಇಲ್ಲದಿರುವುದರಿಂದ, ಅದು ತನಗೆ ತಾನೇ ಸಮವೆಂಬ ವಾಕ್ಯವು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ಎಚ್‌ಒಎಲ್‌ನಲ್ಲಾದರೋ ಪ್ರತಿಯೊಂದು ಫಂಕ್ಷನ್ ಕೂಡ ಪೂರ್ಣ, ಅಂದರೆ ಕೊಟ್ಟದ್ದಕ್ಕೆಲ್ಲ ಉತ್ತರ ಹೇಳುವಂಥದು. ಅಲ್ಲಿ ಆ ಸಮತೆ ಪ್ರಮೇಯವಾಗುತ್ತದೆ, ಸೊನ್ನೆಯಿಂದ ಭಾಗಿಸಿದರೂ ಸೊನ್ನೆ ಬರುತ್ತದೆ. ಆದುದರಿಂದ ಪ್ರತಿ ಬೆಲೆಗೂ ‘ಇದೆ’, ‘ಇಲ್ಲ’ ಎಂಬ ಗುರುತು ಹಚ್ಚಬೇಕು, ಇಲ್ಲವೇ ಪದಕ್ಕೆ ಬೆಲೆಯುಂಟೆಂಬುದನ್ನು ಪ್ರತ್ಯೇಕವಾಗಿ ಸಾಧಿಸಬೇಕು. ಮೊದಲನೆಯದು ಮೂಲಕ್ಕೆ ನಿಷ್ಠವಾದರೂ ಸಾಧನೆಗಳನ್ನು ತೊಡಕಾಗಿಸುತ್ತದೆ. ಎರಡನೆಯದು ಹಗುರವಾದರೂ, ಆ ಹೊಣೆ ತಪ್ಪಿದರೆ ಯಂತ್ರ ಒಪ್ಪಿದ ಪ್ರಮೇಯವು ಮೂಲಭಾಷೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ತರ್ಕದೊಳಗೆ ಸಾಧಿತವಾದದ್ದೆಲ್ಲ ನಿರೂಪಿತ ವಸ್ತುವಿನ ಸತ್ಯವಲ್ಲ.